192.168.1.37 ಅಂದರೆ ಯಾರ ಮನೆ?

ಪ್ರಶ್ನೆ: ಬದಿಯಡ್ಕ ಹತ್ತಿರದ ಒಂದು ಶಾಲೆಯಲ್ಲಿ ನಾನು ಮಾಷ್ಟ್ರು. ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವ ಕೆಲಸವೂ ನನ್ನದೇ. ಲ್ಯಾಪ್‌ಟಾಪ್, ಪ್ರಿಂಟರ್, ಕ್ಯಾಮರಾ, ವೈಫೈ ಪೆಟ್ಟಿಗೆ ಎಲ್ಲ ಸೇರಿ ನಲವತ್ತರ ಹತ್ತಿರ ಇವೆ. ಯಾವುದು ಜಾಸ್ತಿ ಡೇಟಾ ಎಳೆಯುತ್ತದೆ ಅಂತ ನೋಡಲು ಒಂದು ಸಾಫ್ಟ್‌ವೇರ್ ಹಾಕಿದ್ದೇನೆ. ಅದರಲ್ಲಿ 192.168.1.37, 192.168.1.52 ಅಂತ ಬರೀ ನಂಬರ್ ಕಾಣುತ್ತದೆ. ಮನೆಯ ರೂಟರ್‌ನಲ್ಲಾದರೆ ಹೆಸರು ಬರುತ್ತದೆ. "ರಿವರ್ಸ್ ಡಿಎನ್ಎಸ್ ಇದ್ದರೆ ಇಲ್ಲೂ ಹೆಸರು ಬರುತ್ತದೆ" ಅಂತ ಒಬ್ಬರು ಹೇಳಿದರು. ಏನದು? ಇಂಟರ್‌ನೆಟ್ ಕೊಡುವವರ ಹತ್ತಿರ ಕೇಳಬೇಕಾ, ನಾವೇ ಮಾಡಬಹುದಾ?

ಉತ್ತರ: ಮಾಷ್ಟ್ರೇ, ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಶಾಲೆಯ ಒಳಗಿನ ನಂಬರ್‌ಗಳಿಗೆ ಹೆಸರು ಇಡಬೇಕಾದವರು ನೀವೇ. ಬೇರೆ ಯಾರಿಂದಲೂ ಅದು ಆಗುವುದಿಲ್ಲ. ಒಳಗಿನ ಬಳಕೆಗೆ ಅಂತಲೇ ಕೆಲವು ನಂಬರ್‌ಗಳನ್ನು ತೆಗೆದಿಟ್ಟಿದ್ದಾರೆ. 10ರಿಂದ ಶುರುವಾಗುವವು, 172.16ರಿಂದ 172.31ರ ವರೆಗಿನವು, ಮತ್ತು ನಿಮ್ಮಲ್ಲಿರುವ 192.168. ಇವು ಮೂರೂ 1996ರ ನಿಯಮದ ಪ್ರಕಾರ ಖಾಸಗಿ. ನಿಮ್ಮ ಲ್ಯಾಬಿನ 192.168.1.37 ನನ್ನ ಮನೆಯಲ್ಲೂ ಇರಬಹುದು, ಕುಂಬಳೆಯ ಯಾವುದೋ ಅಂಗಡಿಯಲ್ಲೂ ಇರಬಹುದು. ಹೊರಗಿನವರ ಹತ್ತಿರ "ಇದು ಯಾರದ್ದು" ಅಂತ ಕೇಳಿದರೆ ಅವರು ಏನು ಹೇಳಿಯಾರು?

ರಿವರ್ಸ್ ಡಿಎನ್ಎಸ್ ಏನೆಂದು ತಿಳಿಯಲು ನಮ್ಮ ಊರಿನ ಮನೆಗಳನ್ನೇ ನೋಡಿ. ನಮ್ಮಲ್ಲಿ ಮನೆಗೆ ಹೆಸರಿದೆ, ಆ ಹೆಸರಿನಿಂದಲೇ ಮನುಷ್ಯರನ್ನು ಗುರುತಿಸುತ್ತೇವೆ. ಪಂಚಾಯತಿನ ಪುಸ್ತಕದಲ್ಲಿ ಅದೇ ಮನೆಗೆ ವಾರ್ಡು ಮತ್ತು ನಂಬರ್ ಇರುತ್ತದೆ, 7/214 ಅನ್ನುವ ಹಾಗೆ. ವಾರ್ಡು ವಿಂಗಡಣೆ ಆದಾಗ ಆ ನಂಬರ್ ಬದಲಾಗುತ್ತದೆ. ಮನೆ ಹೆಸರು ಅಜ್ಜನ ಕಾಲದ್ದೇ ಉಳಿಯುತ್ತದೆ. ನೆಟ್‌ವರ್ಕಿನಲ್ಲೂ ಹಾಗೆಯೇ. ಹೆಸರು ನಮಗಾಗಿ, ನಂಬರ್ ಯಂತ್ರಕ್ಕಾಗಿ, ಮತ್ತು ನಂಬರ್ ಆಗಾಗ ಬದಲಾಗುವಂಥದ್ದು.

ಹೆಸರು ಕೊಟ್ಟರೆ ನಂಬರ್ ಹುಡುಕಿ ಕೊಡುವುದು ಡಿಎನ್ಎಸ್‌ನ ದಿನದ ಕೆಲಸ. ನಂಬರ್ ಕೊಟ್ಟು ಹೆಸರು ಕೇಳಿದರೆ ಅದು ರಿವರ್ಸ್. ಅದೇ ಪುಸ್ತಕವನ್ನು ತಿರುಗಿಸಿ ಓದಿದರೆ ಆಯಿತಲ್ವಾ ಅಂತ ಅನ್ನಿಸಬಹುದು. ಆಗುವುದಿಲ್ಲ. ಇಲ್ಲಿ ಪುಸ್ತಕವೇ ಬೇರೆ, ಅದನ್ನು ಇಟ್ಟುಕೊಳ್ಳುವವರೂ ಬೇರೆ. ಮನೆಗೆ ಹೆಸರಿಡುವವರು ಮನೆಯವರು, ನಂಬರ್ ಕೊಡುವವರು ಪಂಚಾಯತಿನವರು. 7/214 ಯಾರ ಮನೆ ಅಂತ ತಿಳಿಯಬೇಕಾದರೆ ಊರಿನ ಪ್ರತಿ ಮನೆಗೂ ಹೋಗಿ ಕೇಳಿ ಪೂರೈಸುವುದಿಲ್ಲ, ಪಂಚಾಯತಿನ ಪುಸ್ತಕ ತೆರೆಯಬೇಕು. ರಿವರ್ಸ್ ಡಿಎನ್ಎಸ್‌ನಲ್ಲಿಯೂ ಉತ್ತರ ಇರುವುದು ನಂಬರ್ ಯಾರ ಕೈಯಲ್ಲಿದೆಯೋ ಅವರ ಹತ್ತಿರ. ಈ ಒಂದು ವಿಷಯ ತಲೆಯಲ್ಲಿ ಕೂತರೆ ಉಳಿದದ್ದೆಲ್ಲ ಸುಲಭ.

ಹಿಂದೆ ಹೀಗಿರಲಿಲ್ಲ. ಇಂಟರ್‌ನೆಟ್‌ಗಿಂತ ಮೊದಲಿನ ಆರ್ಪಾನೆಟ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳ ಹೆಸರೂ ನಂಬರೂ ಒಂದೇ ಫೈಲಿನಲ್ಲಿ ಇದ್ದವು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಒಂದೇ ಪಟ್ಟಿಯಾದ್ದರಿಂದ ಎಡದಿಂದಲೂ ಹುಡುಕಬಹುದು, ಬಲದಿಂದಲೂ ಹುಡುಕಬಹುದು. ಕಂಪ್ಯೂಟರ್‌ಗಳು ಜಾಸ್ತಿಯಾದಾಗ ಒಂದು ಪಟ್ಟಿ ಸಾಲಲಿಲ್ಲ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್ಎಸ್ ರೂಪಿಸಿದರು. ಪಟ್ಟಿಯನ್ನು ತುಂಡು ಮಾಡಿ ಅವರವರ ಹೆಸರಿನ ಪುಸ್ತಕ ಅವರವರ ಹತ್ತಿರ ಇಟ್ಟರು. ಹೆಸರು ಹುಡುಕುವುದು ಸುಲಭವಾಯಿತು, ನಂಬರಿನಿಂದ ಹುಡುಕುವ ದಾರಿ ಮುಚ್ಚಿತು. "ನಿನ್ನ ಪುಸ್ತಕದಲ್ಲಿ ಈ ನಂಬರ್ ಎಲ್ಲಾದರೂ ಇದೆಯಾ" ಅಂತ ಸರ್ವರ್‌ಗೆ, ಅಂದರೆ ಪುಸ್ತಕ ಇಟ್ಟುಕೊಂಡು ಉತ್ತರ ಕೊಡುವ ಕಂಪ್ಯೂಟರಿಗೆ, ಕೇಳುವ ಒಂದು ವಿಧಾನವೂ ಆಗ ಇತ್ತು. ಯಾವ ಸರ್ವರ್‌ಗೆ ಕೇಳಬೇಕೆಂದೇ ಗೊತ್ತಿಲ್ಲದ ಮೇಲೆ ಅದರಿಂದ ಏನು ಪ್ರಯೋಜನ? 2002ರಲ್ಲಿ ಆ ವಿಧಾನವನ್ನು ಅಧಿಕೃತವಾಗಿ ಕೈಬಿಟ್ಟರು. ಉಳಿದು ಬಂದದ್ದು ಇನ್ನೊಂದು ಉಪಾಯ. ನಂಬರನ್ನೇ ಒಂದು ಹೆಸರಿನ ಹಾಗೆ ಬರೆದು, ಅದನ್ನು ಡಿಎನ್ಎಸ್‌ನಲ್ಲಿ ಹುಡುಕುವುದು.

ಆ ಬರವಣಿಗೆ ನೋಡಿದವರಿಗೆ ಮೊದಲು ಗಲಿಬಿಲಿ ಆಗುತ್ತದೆ. 192.168.1.37 ಅನ್ನುವುದು 37.1.168.192.ಇನ್-ಆಡರ್.ಆರ್ಪಾ ಅಂತ ಆಗುತ್ತದೆ. ತಿರುಗಿಸಿದ್ದು ಯಾಕೆ? ಲಕೋಟೆ ಮೇಲೆ ವಿಳಾಸ ಬರೆಯುವಾಗ ಮೊದಲು ಮನೆ ಹೆಸರು, ಆಮೇಲೆ ಊರು, ಅಂಚೆ, ತಾಲೂಕು, ಜಿಲ್ಲೆ. ಚಿಕ್ಕದರಿಂದ ದೊಡ್ಡದಕ್ಕೆ. ಡಿಎನ್ಎಸ್ ಹೆಸರೂ ಹಾಗೆಯೇ, ಬಲಕ್ಕೆ ಹೋದ ಹಾಗೆ ದೊಡ್ಡದಾಗುತ್ತದೆ. ಲ್ಯಾಂಡ್‌ಲೈನ್ ನಂಬರ್ ಮಾತ್ರ ಉಲ್ಟಾ. 04994 ಅಂದ ಕೂಡಲೇ ಕಾಸರಗೋಡು ಅಂತ ಗೊತ್ತಾಗುತ್ತದೆ, ಯಾರ ಮನೆ ಅನ್ನುವುದು ಕೊನೆಯ ಅಂಕಿಗಳಲ್ಲಿ. ಐಪಿ ವಿಳಾಸವೂ, ಅಂದರೆ 192.168.1.37ರಂಥ ಈ ನಂಬರೂ, ಫೋನ್ ನಂಬರಿನ ಹಾಗೆ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ಹೆಸರಿನ ಕ್ರಮಕ್ಕೆ ಹೊಂದಲಿ ಅಂತ ಅದನ್ನು ತಿರುಗಿಸುತ್ತಾರೆ, ಅಷ್ಟೇ. ಆ ತಿರುಗಿಸಿದ ಹೆಸರಿನ ಎದುರು ನಿಜವಾದ ಹೆಸರು ಬರೆದಿಡುವ ಸಾಲಿಗೆ ಪಿಟಿಆರ್ ರೆಕಾರ್ಡ್ ಅನ್ನುತ್ತಾರೆ. ಹೆಸರಿನಿಂದ ನಂಬರ್ ಕೊಡುವ ಸಾಲು ಎ ರೆಕಾರ್ಡ್. ಈ ಎರಡು ಹೆಸರು ಗೊತ್ತಿದ್ದರೆ ಸಾಕು.

ನಿಮ್ಮ ಸಾಫ್ಟ್‌ವೇರ್ ಮಾಡುವುದೂ ಇದನ್ನೇ. ಕೇಬಲ್‌ನಲ್ಲಿ ಹರಿಯುವ ಡೇಟಾದಲ್ಲಿ ಹೆಸರು ಇರುವುದಿಲ್ಲ, ಬರೀ ನಂಬರ್ ಇರುತ್ತದೆ. ಸಾಫ್ಟ್‌ವೇರ್ ಆ ನಂಬರ್ ಹಿಡಿದು ಪಿಟಿಆರ್ ಕೇಳುತ್ತದೆ. ಉತ್ತರ ಬಂದರೆ ಹೆಸರು ತೋರಿಸುತ್ತದೆ, ಬರದಿದ್ದರೆ ನಂಬರನ್ನೇ ಬಿಡುತ್ತದೆ. ಮನೆಯ ರೂಟರ್‌ನಲ್ಲಿ ಕಾಣುವ ಹೆಸರಿನ ದಾರಿ ಬೇರೆ. ಫೋನು, ಲ್ಯಾಪ್‌ಟಾಪ್‌ಗಳು ನಂಬರ್ ಕೇಳಿಕೊಂಡು ರೂಟರ್ ಹತ್ತಿರ ಬರುವಾಗ "ನನ್ನ ಹೆಸರು ಇದು" ಅಂತ ತಾವಾಗಿಯೇ ಹೇಳಿಕೊಳ್ಳುತ್ತವೆ. ರೂಟರ್ ಅದನ್ನು ಬರೆದಿಟ್ಟು ತನ್ನ ಪುಟದಲ್ಲಿ ತೋರಿಸುತ್ತದೆ. ಆ ಹೆಸರನ್ನು ರಿವರ್ಸ್ ಡಿಎನ್ಎಸ್‌ಗೂ ಸೇರಿಸುವ ರೂಟರ್‌ಗಳಿವೆ, ಸೇರಿಸದವೂ ಇವೆ.

ಹೆಸರಿಲ್ಲದಿದ್ದರೆ ಏನಾಗುತ್ತದೆ ಅಂತ ನಾನು ಒಂದು ಬೆಳಿಗ್ಗೆ ಕಲಿತೆ. ತುಲಾ ತಿಂಗಳ ಸಿಡಿಲು ನಿಮಗೆ ಗೊತ್ತೇ ಇದೆ. ಹಿಂದಿನ ದಿನ ಸಂಜೆ ಜೋರು ಸಿಡಿಲು. ಬೆಳಿಗ್ಗೆ ಒಂದು ಕಚೇರಿಯಿಂದ ಫೋನ್, ನೆಟ್‌ವರ್ಕ್ ತೆವಳುತ್ತಿದೆ ಅಂತ. ಹೋಗಿ ನೋಡಿದರೆ 192.168.1.63 ಅನ್ನುವ ಒಂದು ಸಾಧನ ಎಡೆಬಿಡದೆ ಡೇಟಾ ಸುರಿಯುತ್ತಿತ್ತು. 63 ಅಂದರೆ ಯಾವುದು? ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಆ ನಂಬರಿಗೆ ಪಿಂಗ್ ("ಇದ್ದೀಯಾ" ಅಂತ ಮತ್ತೆ ಮತ್ತೆ ಕೇಳುವ ಆಜ್ಞೆ) ಹಾಕಿಟ್ಟು, ಎಲ್ಲ ಕೇಬಲ್ ಬಂದು ಸೇರುವ ಸ್ವಿಚ್ ಪೆಟ್ಟಿಗೆಯಿಂದ ಒಂದೊಂದೇ ಕೇಬಲ್ ಎಳೆಯುತ್ತಾ ಹೋದೆ. ಪಿಂಗ್ ಯಾವಾಗ ನಿಲ್ಲುತ್ತದೋ ಆ ಕೇಬಲ್. ಪ್ರತಿ ಸಲ ಎಳೆದಾಗಲೂ ಯಾವುದೋ ಒಂದು ಕೌಂಟರ್ ನಿಲ್ಲುತ್ತಿತ್ತು. ಹೊರಗೆ ಪೆನ್ಶನ್‌ಗೆ ಬಂದ ಪ್ರಾಯದವರು ಬೆಂಚಿನಲ್ಲಿ ಕಾಯುತ್ತಿದ್ದರು. ನಲವತ್ತು ನಿಮಿಷ ಹಿಡಿಯಿತು. ಕೊನೆಗೆ ನೋಡಿದರೆ ಗೇಟಿನ ಕ್ಯಾಮರಾ, ಸಿಡಿಲಿಗೆ ಕೆಟ್ಟಿತ್ತು. ಆ ನಂಬರಿನ ಎದುರು "ಗೇಟ್-ಕ್ಯಾಮ್" ಅಂತ ಒಂದು ಸಾಲು ಇದ್ದಿದ್ದರೆ ಒಂದೇ ಕೇಬಲ್ ಎಳೆದರೆ ಸಾಕಿತ್ತು. ಅವತ್ತಿನಿಂದ ನಾನು ಕೈ ಹಾಕಿದ ಯಾವ ನೆಟ್‌ವರ್ಕನ್ನೂ ಹೆಸರಿಡದೆ ಬಿಟ್ಟಿಲ್ಲ.

ಈಗ ಮಾಡುವುದು ಹೇಗೆ ನೋಡೋಣ. ನಾನು ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರ್‌ನಲ್ಲಿ ಹಾಕುವಾಗ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ ಮತ್ತು ನಡುವೆ ಅಡ್ಡಗೆರೆ, ಇಷ್ಟನ್ನೇ ಬಳಸಿ. ಜಾಗ ಬಿಡಬಾರದು, ಕೆಳಗೆರೆ ಹಾಕಬಾರದು. ಚುಕ್ಕಿಗಳ ನಡುವಿನ ಒಂದು ತುಂಡು 63 ಅಕ್ಷರ ಮೀರುವ ಹಾಗಿಲ್ಲ. ನಿಮಗೆ ಅಷ್ಟು ಉದ್ದ ಬೇಕಾಗುವುದೂ ಇಲ್ಲ.

ಮೊದಲು ಒಂದು ನೋಟ್‌ಬುಕ್ ಹಿಡಿದು ಎದ್ದು ಹೋಗಿ. ಇದನ್ನು ಬಿಟ್ಟು ಸಾಫ್ಟ್‌ವೇರ್ ಹತ್ತಿರ ಕೂರುವವರೇ ಜಾಸ್ತಿ, ಅಲ್ಲೇ ಕೆಲಸ ಹಾಳಾಗುತ್ತದೆ. ಪ್ರತಿ ಸಾಧನದ ಹತ್ತಿರ ನಿಂತು ಅದರ ಮ್ಯಾಕ್ ವಿಳಾಸ, ಅಂದರೆ ತಯಾರಿಸುವಾಗಲೇ ಸಾಧನಕ್ಕೆ ಕೊಟ್ಟ ಗುರುತು, ಬರೆದುಕೊಳ್ಳಿ. ಪ್ರಿಂಟರ್, ಕ್ಯಾಮರಾಗಳಲ್ಲಿ ಹೆಚ್ಚಾಗಿ ಹಿಂದೆ ಅಥವಾ ಅಡಿಯಲ್ಲಿ ಚೀಟಿ ಅಂಟಿಸಿರುತ್ತಾರೆ. ಹನ್ನೆರಡು ಅಕ್ಷರ-ಅಂಕಿಗಳು, ಎರಡೆರಡಾಗಿ. ಮೊದಲ ಆರು ತಯಾರಿಸಿದ ಕಂಪನಿಯ ಗುರುತು, ಉಳಿದ ಆರು ಆ ಒಂದು ಸಾಧನದ್ದು. ಎದುರಿಗೆ ಅದು ಇರುವ ಕೋಣೆ ಮತ್ತು ಮಾಡುವ ಕೆಲಸ ಬರೆಯಿರಿ. ಹೆಸರೂ ಅದೇ ಆಗಲಿ. ಲ್ಯಾಬ್-07, ಆಫೀಸ್-ಪ್ರಿಂಟರ್, ಗೇಟ್-ಕ್ಯಾಮ್. ಕಂಪನಿಯ ಹೆಸರು, ಮಾಡೆಲ್ ನಂಬರ್ ಇಡಬೇಡಿ, ಸಾಧನ ಬದಲಾದಾಗ ಹೆಸರು ಸುಳ್ಳಾಗುತ್ತದೆ. ಟೀಚರ್‌ಗಳ ಹೆಸರೂ ಬೇಡ. ಯಾರ ಲ್ಯಾಪ್‌ಟಾಪ್ ಎಷ್ಟು ಹೊತ್ತಿಗೆ ಏನು ಮಾಡುತ್ತಿದೆ ಅನ್ನುವುದು ಪರದೆ ನೋಡಿದವರಿಗೆಲ್ಲ ಕಾಣಬಾರದು.

ಈ ಎಲ್ಲ ಹೆಸರುಗಳ ಹಿಂದೆ ಒಂದು ಮನೆತನದ ಹೆಸರು ಬೇಕು, ಅದಕ್ಕೆ ಡೊಮೈನ್ ಅನ್ನುತ್ತಾರೆ. ಮನಸ್ಸಿಗೆ ಬಂದ ಡೊಮೈನ್ ಹಾಕಿಕೊಂಡರೆ ನಾಳೆ ಅದೇ ಹೆಸರನ್ನು ಹೊರಗೆ ಯಾರಾದರೂ ಕೊಂಡುಕೊಳ್ಳಬಹುದು. 2018ರಲ್ಲಿ ಮನೆಯ ಒಳಗಿನ ನೆಟ್‌ವರ್ಕಿಗೆ ಅಂತ ಹೋಮ್.ಆರ್ಪಾ ಅನ್ನುವ ಹೆಸರನ್ನು ತೆಗೆದಿಟ್ಟರು. ಶಾಲೆಗೆ ಸ್ವಂತ ಡೊಮೈನ್ ಇಲ್ಲದಿದ್ದರೆ ಅದನ್ನೇ ಬಳಸಿ. ಪೂರ್ತಿ ಹೆಸರು ಲ್ಯಾಬ್-07.ಶಾಲೆ.ಹೋಮ್.ಆರ್ಪಾ ಅಂತ ಆಗುತ್ತದೆ.

ಇವತ್ತೇ ಫಲ ಕಾಣಬೇಕು ಅಂತಿದ್ದರೆ ಸುಲಭದ ದಾರಿ ಒಂದಿದೆ. ಆ ಸಾಫ್ಟ್‌ವೇರ್ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಇದ್ದರೆ, ಅದರ ಇಟಿಸಿ ಫೋಲ್ಡರಿನ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲಿಗೆ ಒಂದರಂತೆ ನಂಬರ್, ಜಾಗ, ಹೆಸರು ಬರೆಯಿರಿ. ಸಾಮಾನ್ಯವಾಗಿ ಲಿನಕ್ಸ್ ಹೊರಗೆ ಕೇಳುವ ಮೊದಲು ಈ ಫೈಲನ್ನು ಎರಡೂ ದಿಕ್ಕಿನಿಂದ ಓದುತ್ತದೆ. ಆರ್ಪಾನೆಟ್ ಕಾಲದ ಆ ಒಂದೇ ಫೈಲಿನ ನೆನಪು ಇನ್ನೂ ಉಳಿದಿರುವುದು ಹೀಗೆ. ಆದರೆ ಆ ಹೆಸರುಗಳು ಆ ಒಂದು ಲ್ಯಾಪ್‌ಟಾಪ್‌ಗೆ ಮಾತ್ರ ಕಾಣುತ್ತವೆ.

ಎಲ್ಲರಿಗೂ ಕಾಣಬೇಕಾದರೆ ನಂಬರ್ ಹಂಚುವವನೇ ಹೆಸರಿನ ಪುಸ್ತಕವನ್ನೂ ಇಟ್ಟುಕೊಳ್ಳಬೇಕು. ನಿಮ್ಮಂಥ ಶಾಲೆಗೆ ನಾನು ಹೇಳುವುದು ಡಿಎನ್ಎಸ್‌ಮಾಸ್ಕ್ ಅನ್ನುವ ಉಚಿತ ಸಾಫ್ಟ್‌ವೇರ್. ಓಪನ್‌ಡಬ್ಲ್ಯೂಆರ್‌ಟಿ ಅನ್ನುವ ಉಚಿತ ರೂಟರ್ ಸಾಫ್ಟ್‌ವೇರ್ ಹಾಕಿದ ರೂಟರ್‌ಗಳ ಒಳಗೆ ಅದೇ ಇರುತ್ತದೆ. ನಿಮ್ಮ ರೂಟರ್‌ನಲ್ಲಿ ಇಲ್ಲದಿದ್ದರೆ ಒಂದು ಹಳೇ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸಾಕು. ನಂಬರ್ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಅನ್ನುತ್ತಾರೆ. ಅದರಲ್ಲಿ ಡಿಎಚ್‌ಸಿಪಿ-ಹೋಸ್ಟ್ ಅನ್ನುವ ಸಾಲಿನಲ್ಲಿ ಮ್ಯಾಕ್ ವಿಳಾಸ, ಹೆಸರು, ಐಪಿ ನಂಬರ್ ಮೂರನ್ನೂ ಕೊಡಿ. ಸಾಧನ ಬಂದು ನಂಬರ್ ಕೇಳಿದಾಗ ಯಾವಾಗಲೂ ಅದೇ ನಂಬರ್ ಸಿಗುತ್ತದೆ. ಹೆಸರಿನಿಂದ ನಂಬರ್, ನಂಬರಿನಿಂದ ಹೆಸರು, ಎರಡೂ ಆ ಒಂದೇ ಸಾಲಿನಿಂದ ತಾವಾಗಿಯೇ ಸಿದ್ಧವಾಗುತ್ತವೆ. ನನಗೆ ಇದು ಇಷ್ಟವಾಗುವುದು ಇದೇ ಕಾರಣಕ್ಕೆ. ಎರಡು ಪುಸ್ತಕ ಬೇರೆ ಬೇರೆ ಬರೆದರೆ ಇವತ್ತಲ್ಲ ನಾಳೆ ಒಂದರಲ್ಲಿ ತಿದ್ದಿ ಇನ್ನೊಂದರಲ್ಲಿ ಮರೆಯುತ್ತೇವೆ. ಇನ್ನೊಂದು ಎಚ್ಚರಿಕೆ: ಇದು ನಂಬರ್ ಹಂಚಲು ಶುರು ಮಾಡಿದ ಮೇಲೆ ಹಳೇ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ. ಇಬ್ಬರು ಹಂಚಿದರೆ ಒಂದೇ ನಂಬರ್ ಇಬ್ಬರಿಗೆ ಹೋಗುವ ಅಪಾಯ ಇದೆ.

ಒಂದೇ ಪ್ರತಿಯಿಂದ ಇನ್‌ಸ್ಟಾಲ್ ಮಾಡಿದ ಲ್ಯಾಬ್ ಲ್ಯಾಪ್‌ಟಾಪ್‌ಗಳಿಗೆ ಕೆಲವೊಮ್ಮೆ ಎಲ್ಲಕ್ಕೂ ಒಂದೇ ಹೆಸರು ಇರುತ್ತದೆ. ಅವು ಹೇಳಿಕೊಂಡ ಹೆಸರನ್ನೇ ನಂಬಿದರೆ ಕೊನೆಗೆ ಬಂದದ್ದಕ್ಕೆ ಮಾತ್ರ ಹೆಸರು ಸಿಗುತ್ತದೆ, ಉಳಿದವು ಅನಾಮಿಕ. ಅದಕ್ಕೇ ಹೆಸರು ನಿಮ್ಮ ಪುಸ್ತಕದಿಂದ ಹೋಗಬೇಕು.

ವಿಂಡೋಸ್ ಸರ್ವರ್ ಇರುವ ಕಡೆ ರಿವರ್ಸ್ ಲುಕಪ್ ಝೋನ್, ಅಂದರೆ ನಂಬರಿನಿಂದ ಹೆಸರು ಹುಡುಕುವ ಪುಸ್ತಕ, ಅದನ್ನು ನಾವೇ ಸೇರಿಸಬೇಕಾಗುತ್ತದೆ. ಬೈಂಡ್ ಅನ್ನುವ ಡಿಎನ್ಎಸ್ ಸಾಫ್ಟ್‌ವೇರ್ ಬಳಸುವವರು ಪಿಟಿಆರ್ ಸಾಲಿನ ಹೆಸರಿನ ಕೊನೆಯಲ್ಲಿ ಒಂದು ಚುಕ್ಕಿ ಇಡಲು ಮರೆಯಬಾರದು. ಆ ಚುಕ್ಕಿ ಇಲ್ಲದಿದ್ದರೆ ಹೆಸರು ಇಲ್ಲಿಗೆ ಮುಗಿಯಿತು ಅಂತ ಬೈಂಡ್‌ಗೆ ಗೊತ್ತಾಗುವುದಿಲ್ಲ. ಲ್ಯಾಬ್-07.ಶಾಲೆ.ಹೋಮ್.ಆರ್ಪಾ ಅಂತ ಬರಬೇಕಾದ ಜಾಗದಲ್ಲಿ ಲ್ಯಾಬ್-07.ಶಾಲೆ.ಹೋಮ್.ಆರ್ಪಾ.1.168.192.ಇನ್-ಆಡರ್.ಆರ್ಪಾ ಅಂತ ಬರುತ್ತದೆ. ಇಂಥ ಉದ್ದ ಬಾಲದ ಹೆಸರು ಎಲ್ಲಿ ಕಂಡರೂ ಚುಕ್ಕಿ ಬಿಟ್ಟುಹೋಗಿದೆ ಅಂತಲೇ ತಿಳಿಯಿರಿ.

ಆಯಿತಾ ಅಂತ ನೋಡಲು ಎನ್ಎಸ್‌ಲುಕಪ್ ಆಜ್ಞೆ ಕೊಟ್ಟು, ಜಾಗ ಬಿಟ್ಟು 192.168.1.37 ಅಂತ ಬರೆಯಿರಿ. ಇದು ವಿಂಡೋಸ್‌ನಲ್ಲೂ ಇದೆ, ಲಿನಕ್ಸ್‌ನಲ್ಲೂ ಇದೆ. ಹೋಸ್ಟ್ಸ್ ಫೈಲಿನ ಹೆಸರು ಇದರಲ್ಲಿ ಕಾಣದೇ ಹೋಗಬಹುದು, ಯಾಕೆಂದರೆ ಇದು ನೇರ ಡಿಎನ್ಎಸ್ ಸರ್ವರನ್ನೇ ಕೇಳುತ್ತದೆ. ಉತ್ತರವಾಗಿ ಹೆಸರು ಬಂದರೆ ಸರಿ. ಬರದಿದ್ದರೆ ಏನು ಹೇಳುತ್ತದೆ ಅಂತ ಗಮನ ಇಟ್ಟು ಓದಿ. "ಅಂಥ ಹೆಸರಿಲ್ಲ" ಅಂದರೆ ಸರ್ವರ್ ಸಿಕ್ಕಿತು, ಅದರ ಪುಸ್ತಕದಲ್ಲಿ ಸಾಲು ಇಲ್ಲ. "ಸಮಯ ಮೀರಿತು" ಅಂದರೆ ಸರ್ವರೇ ಮಾತಾಡಲಿಲ್ಲ. ಮೊದಲನೆಯದರಲ್ಲಿ, ನಾನು ಕಂಡ ಮಟ್ಟಿಗೆ, ತಪ್ಪು ಹೆಚ್ಚಾಗಿ ಒಂದೇ ಕಡೆ ಇರುತ್ತದೆ. ಆ ಕಂಪ್ಯೂಟರಿನ ಡಿಎನ್ಎಸ್ ಜಾಗದಲ್ಲಿ ಯಾರೋ ಗೂಗಲ್‌ನ 8.8.8.8 ಬರೆದಿರುತ್ತಾರೆ. ನಿಮ್ಮ ಗೇಟಿನ ಕ್ಯಾಮರಾದ ಹೆಸರು ಗೂಗಲ್‌ಗೆ ಗೊತ್ತಿಲ್ಲ. ನಿಮ್ಮ ಡಿಎನ್ಎಸ್‌ಮಾಸ್ಕ್ ಇರುವ ನಂಬರನ್ನೇ ಅಲ್ಲಿ ಬರೆಯಿರಿ.

ಎರಡನೆಯದು, ಅಂದರೆ ಸರ್ವರ್ ಮಾತಾಡದೇ ಇರುವುದು, ಬೇರೆ ರೀತಿಯಲ್ಲಿ ಕಾಡುತ್ತದೆ. ಒಂದು ಸಲ ಕೇಳಿ ಲಿನಕ್ಸ್ ಸಾಮಾನ್ಯವಾಗಿ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಮತ್ತೆ ಕೇಳುತ್ತದೆ. ಬಂದವರ ಹೆಸರು ತಿಳಿದೇ ಒಳಗೆ ಬಿಡುವ ಪ್ರೋಗ್ರಾಂ ಆದರೆ ಅಷ್ಟು ಹೊತ್ತು ಬಾಗಿಲಲ್ಲೇ ನಿಲ್ಲಿಸುತ್ತದೆ. ಹಿಂದೆ ಎಸ್ಎಸ್ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ವಿಧಾನ) ಲಾಗಿನ್ ನಿಧಾನ ಅಂತ ಬರುತ್ತಿದ್ದ ದೂರುಗಳಲ್ಲಿ ಇದು ತುಂಬಾ ಸಾಮಾನ್ಯ ಕಾರಣ. 2015ರ ಓಪನ್ಎಸ್ಎಸ್ಎಚ್ 6.8ರಿಂದ ಆ ವಿಚಾರಣೆಯನ್ನು ತಾನಾಗಿ ಮಾಡುವುದು ನಿಲ್ಲಿಸಿದರು.

ಹೆಸರು ಇಟ್ಟ ಮೇಲೆ ಅದನ್ನು ಸತ್ಯವಾಗಿ ಇಟ್ಟುಕೊಳ್ಳುವುದು ಇನ್ನೂ ಮುಖ್ಯ. ಒಂದು ಕಡೆ ಮಹಡಿಯ ಪ್ರಿಂಟರ್ ರಿಪೇರಿಗೆ ಹೋಗಿತ್ತು. ಅದರ ನಂಬರ್ ಒಬ್ಬ ಅಕೌಂಟೆಂಟ್ ಅವರ ಕಂಪ್ಯೂಟರಿಗೆ ಸಿಕ್ಕಿತು. ಪಿಟಿಆರ್ ಸಾಲನ್ನು ನಾನು ತೆಗೆದಿರಲಿಲ್ಲ. ಪ್ರಿಂಟರ್ ಯಾಕೆ ಇಷ್ಟು ಡೇಟಾ ಹೊರಗೆ ಕಳಿಸುತ್ತದೆ ಅಂತ ಗಾಬರಿಯಾಗಿ ಆ ನಂಬರಿಗೆ ಇಂಟರ್‌ನೆಟ್ ಬಂದ್ ಮಾಡಿದೆ. ತಿಂಗಳ ಕೊನೆಯ ದಿನ ಅವರ ಕೆಲಸ ಅರ್ಧದಲ್ಲಿ ನಿಂತಿತು. ತಪ್ಪು ಹೆಸರು ಹೆಸರಿಲ್ಲದ್ದಕ್ಕಿಂತ ಕೆಟ್ಟದ್ದು. ನಂಬರ್ ಮಾತ್ರ ಇದ್ದಿದ್ದರೆ ನಾನು ವಿಚಾರಿಸಿಯೇ ಕೈ ಹಾಕುತ್ತಿದ್ದೆ.

ಹೊರಗಿನ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಇಂಟರ್‌ನೆಟ್‌ಗೆ ಕಾಣುವ ಶಾಲೆಯ ನಂಬರ್ ಸೇವೆ ಕೊಡುವವರದ್ದು, ಹಾಗಾಗಿ ಅದರ ಪಿಟಿಆರ್ ಬರೆಯುವವರೂ ಅವರೇ. ಹಲವು ಕಡೆ ಆ ನಂಬರನ್ನೇ ಅಡ್ಡಗೆರೆ ಹಾಕಿ ಹೆಸರಾಗಿ ಬರೆದಿರುತ್ತಾರೆ. ಶಾಲೆಗೆ ಸ್ವಂತ ಮೇಲ್ ಸರ್ವರ್ ಇಲ್ಲದಿದ್ದರೆ ಅದನ್ನು ಬದಲಿಸುವ ಅಗತ್ಯ ಇಲ್ಲ. ಇದ್ದರೆ ಬೇಕೇ ಬೇಕು. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಮೇಲ್ ಕಳಿಸುವ ಸರ್ವರ್‌ಗಳಿಗೆ ಸರಿಯಾದ ಪಿಟಿಆರ್ ಇರಲೇಬೇಕು, ಆ ಹೆಸರನ್ನು ತಿರುಗಿ ಕೇಳಿದರೆ ಅದೇ ನಂಬರ್ ಬರಬೇಕು. ಈ ತಿರುಗಿ ಕೇಳುವುದಕ್ಕೆ ಕಾರಣ ಇದೆ. ನಂಬರ್ ಇರುವವರು ತಮ್ಮ ಪಿಟಿಆರ್‌ನಲ್ಲಿ ಯಾರ ಹೆಸರನ್ನೂ ಬರೆಯಬಹುದು. ನಮ್ಮ ಮನೆ ಗೋಡೆಗೆ ಅಂಚೆ ಕಚೇರಿ ಅಂತ ಬೋರ್ಡು ತೂಗಿಸಿದ ಹಾಗೆ. ಬೋರ್ಡು ನಮ್ಮ ಕೈಯಲ್ಲಿದೆ, ಅಂಚೆ ಇಲಾಖೆಯ ಪಟ್ಟಿ ನಮ್ಮ ಕೈಯಲ್ಲಿಲ್ಲ. ಎರಡೂ ಕಡೆ ತಾಳೆಯಾದರೆ ಮಾತ್ರ ನಂಬಬೇಕು.

ಡೇಟಾ ಹೋಗುವ ದಾರಿ ತೋರಿಸುವ ಟ್ರೇಸ್‌ರೂಟ್ ಆಜ್ಞೆ ಹಾಕಿ ನೋಡಿದರೆ ದಾರಿಯ ರೂಟರ್‌ಗಳ ಹೆಸರು ಕಾಣುವುದೂ ಪಿಟಿಆರ್‌ನಿಂದಲೇ. ರೈಲು ಟಿಕೆಟ್‌ನಲ್ಲಿ ಕೆಜಿಕ್ಯೂ ಅಂತ ಕಂಡರೆ ನಮಗೆ ಕಾಸರಗೋಡು ಅಂತ ಗೊತ್ತಾಗುತ್ತದಲ್ವಾ, ಹಾಗೆ ಎಷ್ಟೋ ನೆಟ್‌ವರ್ಕಿನವರು ವಿಮಾನ ನಿಲ್ದಾಣದ ಕೋಡನ್ನು ರೂಟರಿನ ಹೆಸರಿನಲ್ಲಿ ಇಡುತ್ತಾರೆ. ಬಿಒಎಂ ಕಂಡರೆ ಮುಂಬೈ, ಎಂಎಎ ಕಂಡರೆ ಚೆನ್ನೈ. ಮಕ್ಕಳಿಗೆ ಒಂದು ಪೀರಿಯಡ್ ಇದನ್ನು ತೋರಿಸಿ, ಮಾಷ್ಟ್ರೇ. ಒಂದು ಪುಟ ತೆರೆಯಲು ಅವರ ಲ್ಯಾಬಿನಿಂದ ಡೇಟಾ ಯಾವ ಯಾವ ಊರಿಗೆ ಹೋಗಿ ಬರುತ್ತದೆ ಅಂತ ಹೆಸರು ಓದುತ್ತಾ ಹೋಗಬಹುದು.

ಫೋನ್‌ಗಳ ಒಂದು ತೊಡಕು ಉಳಿಯಿತು. ಆಂಡ್ರಾಯ್ಡ್ 10ರಿಂದ, ಐಫೋನ್‌ನಲ್ಲಿ 2020ರ ಐಒಎಸ್ 14ರಿಂದ, ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ವಿಳಾಸ ತೋರಿಸದೆ ಬೇರೊಂದನ್ನು ಹುಟ್ಟಿಸಿಕೊಳ್ಳುತ್ತವೆ. ಜನರ ಖಾಸಗಿತನಕ್ಕೆ ಇದು ಒಳ್ಳೆಯದೇ. ಶಾಲೆಯ ಸ್ವಂತ ಟ್ಯಾಬ್‌ಗಳಿದ್ದರೆ ಶಾಲೆಯ ವೈಫೈಗೆ ಮಾತ್ರ ಅದನ್ನು ನಿಲ್ಲಿಸಿ, ಸೆಟ್ಟಿಂಗ್ಸ್‌ನಲ್ಲಿ ಅವಕಾಶ ಇದೆ. ಟೀಚರ್‌ಗಳ ಫೋನ್‌ಗಳಿಗೆ ಬೇರೆಯೇ ಒಂದು ನಂಬರ್ ಸಾಲು ಕೊಟ್ಟು, 192.168.1.200ರಿಂದ ಮೇಲೆ ಅಂತಿಟ್ಟುಕೊಳ್ಳಿ, ಹೆಸರಿಲ್ಲದೆ ಬಿಡಿ.

ಹೀಗೆ ಬೇರೆ ಮಾಡಿದರೆ 200ರ ಕೆಳಗೆ ಹೆಸರಿಲ್ಲದ ನಂಬರ್ ಒಂದೂ ಇರಬಾರದು. ಇದ್ದರೆ ಅದೇ ದಿನ ಹುಡುಕಿ. ನಾನು ಹೆಸರಿಟ್ಟು ಮುಗಿಸಿದ ಒಂದು ಕಟ್ಟಡದಲ್ಲಿ ಎಲ್ಲ ಸಾಲುಗಳ ನಡುವೆ ಒಂದೇ ಒಂದು ಬರೀ ನಂಬರ್ ಉಳಿದಿತ್ತು. ಕೇಬಲ್ ಹಿಡಿದುಕೊಂಡು ಹೋದರೆ ಕಪಾಟಿನ ಹಿಂದೆ, ಧೂಳು ಹಿಡಿದ ಒಂದು ಹಳೇ ವೈಫೈ ಪೆಟ್ಟಿಗೆ. ಪಾಸ್‌ವರ್ಡೇ ಇಲ್ಲದೆ ಎಷ್ಟೋ ವರ್ಷದಿಂದ ಉರಿಯುತ್ತಿತ್ತು. ನಿಮ್ಮ ಪಟ್ಟಿಯಲ್ಲಿ ಹಾಗೆ ಏನಾದರೂ ಉಳಿದರೆ ಅದರ ಮ್ಯಾಕ್ ವಿಳಾಸದ ಮೊದಲ ಆರು ಅಕ್ಷರ ಬರೆದು ಕಳಿಸಿ, ಯಾವ ಕಂಪನಿಯದ್ದು ಅಂತ ನೋಡಿ ಹೇಳುತ್ತೇನೆ.